ತೂಕ ಕೇಳಬೇಡಿ, ತೂಗಿ

ನಾನು ನಿವೃತ್ತಳಾದ ದಿನ ಸೆಂಟರಿನವರು ಶಾಲು ಹೊದಿಸಿ, ಕೇಕು ಕತ್ತರಿಸಿ, ನಾಲ್ಕು ಒಳ್ಳೆಯ ಮಾತು ಆಡಿದರು. ಕೊನೆಗೆ ಮ್ಯಾನೇಜರ್ ಗಿರೀಶ್ ಎದ್ದು ನಿಂತು, "ವಿಮಲಾ ಮೇಡಂ ಕೆಲಸದಲ್ಲಿ ಎತ್ತಿದ ಕೈ. ಆದ್ರೆ ಸ್ವಲ್ಪ ಕೋಪ ಜಾಸ್ತಿ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಶಾಲು ಹೊದ್ದುಕೊಂಡು ಕೂತವಳು ಜಗಳ ಆಡುವುದು ಹೇಗೆ? ಮನೆಗೆ ಬಂದ ಮೇಲೆ ಮಾತ್ರ ಆ ಮಾತು ಕೊರೆಯತೊಡಗಿತು. ಕೋಪ ಯಾಕೆ ಜಾಸ್ತಿ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಗಿರೀಶನಿಗೆ ಅದು ಚೆನ್ನಾಗಿ ಗೊತ್ತು. ಈಗಷ್ಟೇ ಕೋರ್ಸು ಮುಗಿಸಿ ಸಿ.ಟಿ. ಸ್ಕ್ಯಾನ್ ಕೋಣೆಗೆ ಬರುತ್ತಿರುವ ಹುಡುಗ ಹುಡುಗಿಯರಿಗೆ ಗೊತ್ತಿಲ್ಲ, ಅವರಿಗೆ ಹೇಳುತ್ತೇನೆ.

ನಾನು ದುಡಿದದ್ದು ಪೀಣ್ಯದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ. ಒಂದು ಪಕ್ಕ ಗೇರ್ ಮಾಡುವ ಶೆಡ್ಡು, ಇನ್ನೊಂದು ಪಕ್ಕ ಪವರ್ ಪ್ರೆಸ್ಸು. ಪ್ರೆಸ್ಸು ಬಿದ್ದಾಗಲೆಲ್ಲ ನಮ್ಮ ಕೌಂಟರಿನ ಗಾಜು ನಡುಗುತ್ತಿತ್ತು. ನನ್ನ ಹುದ್ದೆ ಟೆಕ್ನಿಷಿಯನ್, ಅಂದರೆ ಸ್ಕ್ಯಾನರ್ ನಡೆಸುವವಳು. ಜನ ಮಾತ್ರ ಕೊನೆಯ ದಿನದವರೆಗೂ ನನ್ನನ್ನು ಸಿಸ್ಟರ್ ಎಂದೇ ಕರೆದರು. ಹೆಂಗಸು ಬಿಳಿ ಕೋಟು ಹಾಕಿದ್ದರೆ ನರ್ಸೇ ಇರಬೇಕು ಎಂಬುದು ಅವರ ಲೆಕ್ಕ. ಮೊದಮೊದಲು ತಿದ್ದುತ್ತಿದ್ದೆ, ಆಮೇಲೆ ಸುಮ್ಮನಾದೆ.

ಡೈ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋದರೆ ನನ್ನ ಸಿಟ್ಟು ಅರ್ಥವಾಗುವುದಿಲ್ಲ. ಹೊಟ್ಟೆಯ ಸ್ಕ್ಯಾನಿನಲ್ಲಿ ಲಿವರ್, ಕಿಡ್ನಿ, ರಕ್ತನಾಳ ಬೇರೆಬೇರೆಯಾಗಿ ಕಾಣಬೇಕಾದರೆ ಕೈಯ ನರಕ್ಕೆ ಅಯೋಡಿನ್ ಇರುವ ಒಂದು ಔಷಧಿ ಚುಚ್ಚುತ್ತೇವೆ. ಹೆಸರಿಗೆ ಡೈ, ನೋಡಲು ನೀರಿನ ಹಾಗಿರುತ್ತದೆ. ಒಳಗೆ ಹೋಗುತ್ತಿದ್ದಂತೆ ಮೈಯೆಲ್ಲ ಬಿಸಿಯಾಗಿ, ಮಲಗಿದಲ್ಲೇ ಮೂತ್ರ ಹೋಯಿತೇನೋ ಅನಿಸುತ್ತದೆ. ಅದು ರಕ್ತದಲ್ಲಿ ಬೆರೆತು ತಿರುಗಿ, ಕೊನೆಗೆ ಕಿಡ್ನಿಯ ದಾರಿಯಲ್ಲಿ ಹೊರಗೆ ಬರಬೇಕು. ದೊಡ್ಡ ಮೈಗೆ ಕಡಿಮೆ ಹಾಕಿದರೆ ರಕ್ತದಲ್ಲಿ ತೆಳುವಾಗಿ ಚಿತ್ರ ಮಂಕಾಗುತ್ತದೆ, ಇರುವ ಗಡ್ಡೆ ಕಾಣದೆ ಹೋಗಬಹುದು. ಸಣ್ಣ ಮೈಗೆ ಹೆಚ್ಚು ಹಾಕಿದರೆ ಚಿತ್ರವೇನೋ ಝಗಝಗ ಹೊಳೆಯುತ್ತದೆ, ಬೇಡದ ಹೊರೆ ಕಿಡ್ನಿಯ ತಲೆಗೆ ಬೀಳುತ್ತದೆ. ಅಡುಗೆ ಮಾಡುವವರಿಗೆಲ್ಲ ತಿಳಿದ ವಿಷಯ ಇದು. ಚೊಂಬು ಸಾರಿಗೂ ಹಂಡೆ ಸಾರಿಗೂ ಯಾರೂ ಒಂದೇ ಹಿಡಿ ಉಪ್ಪು ಹಾಕುವುದಿಲ್ಲ. ಆದರೆ ನಾನು ಕೆಲಸಕ್ಕೆ ಸೇರಿದಾಗ ನಮ್ಮಲ್ಲಿದ್ದ ಪದ್ಧತಿ ಅದೇ, ತಲೆಗೊಂದು ಬಾಟಲಿ.

ಆ ಪದ್ಧತಿಗೆ ರೋಗಿಯ ಕಡೆಯವರ ಬೆಂಬಲವೂ ಇತ್ತು. ಡೈ ಬಾಟಲಿಯನ್ನು ಅವರೇ ಔಷಧಿ ಅಂಗಡಿಯಿಂದ ತಂದು ನಮ್ಮ ಕೈಗೆ ಕೊಡಬೇಕಿತ್ತು. ದುಡ್ಡು ಕೊಟ್ಟು ತಂದದ್ದನ್ನು ಸಿಸ್ಟರ್ ಅರ್ಧ ಹಾಕಿ ಅರ್ಧ ಒಳಗಿಟ್ಟುಕೊಂಡರೆ ಎಂಬ ಅನುಮಾನ ಬೇರೆ. ಗಾರ್ಮೆಂಟ್ಸ್ ಕೆಲಸದ ಒಂದು ಹುಡುಗಿ, ಗಾಳಿ ಬೀಸಿದರೆ ಹಾರಿಹೋಗುವ ಹಾಗಿದ್ದಳು. ಅವಳ ಭಾವ ಬಾಗಿಲಲ್ಲೇ ನಿಂತು, "ಪೂರ್ತಿ ಹಾಕಿದ್ರಾ ಸಿಸ್ಟರ್?" ಎಂದು ಕೇಳಿದ. ಇಲ್ಲ, ಅವಳ ಮೈಗೆ ಅಷ್ಟು ಬೇಡ ಎಂದೆ. "ಹಂಗಾದ್ರೆ ಮಿಕ್ಕಿದ್ದು ಕೊಟ್ಬಿಡಿ, ವಾಪಸ್ ಮಾಡ್ತೀನಿ" ಎಂದು ಕೈ ಚಾಚಿದ. ಸೀಲ್ ಒಡೆದ ಬಾಟಲಿ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲಪ್ಪ ಎಂದು ವಿವರಿಸಿದರೆ ಅವನ ಪಾಲಿಗೆ ನಾನು ಕಳ್ಳಿಯೇ. ಅವನ ಕಣ್ಣೆದುರಿಗೇ ಮಿಕ್ಕಿದ್ದನ್ನು ಸಿಂಕಿಗೆ ಸುರಿದೆ. ಇಂಥ ರಾಮಾಯಣ ಯಾರಿಗೆ ಬೇಕು ಎಂದು ಬಹಳ ಟೆಕ್ನಿಷಿಯನ್ನರು ಬಾಟಲಿ ಪೂರ್ತಿ ಹಾಕಿ ಕೈತೊಳೆದುಕೊಳ್ಳುತ್ತಿದ್ದರು.

ಇದನ್ನು ನಿಲ್ಲಿಸಿದವರು ಡಾಕ್ಟರ್ ಶಶಿಕಲಾ. ಚಿತ್ರ ನೋಡಿ ವರದಿ ಬರೆಯುವ ರೇಡಿಯಾಲಜಿಸ್ಟ್ ಅವರು. ಅವರ ಕೋಪದ ಮುಂದೆ ನನ್ನದು ಏನೂ ಅಲ್ಲ. ಒಂದು ದಿನ ನನ್ನನ್ನು ಕರೆದು ಪರದೆಯ ಮೇಲೆ ಎರಡು ಹೊಟ್ಟೆ ತೋರಿಸಿದರು.

"ನೋಡ್ರೀ ವಿಮಲಾ, ಇಬ್ಬರದೂ ತೂಕ ಒಂದೇ ಅಂತ ಬರ್ದಿದೀರಿ, ಡೈನೂ ಒಂದೇ ಹಾಕಿದೀರಿ. ಇವರ ಲಿವರ್ ಹೊಳೀತಾ ಇದೆ. ಇನ್ನೊಬ್ಬರದು ಮೋಡ ಮುಚ್ಚಿದಂಗಿದೆ. ಯಾಕೆ?"

ನಾನು ಹೆಸರು ನೋಡಿದೆ. ಹೊಳೆಯುತ್ತಿದ್ದದ್ದು ವೈಟ್‌ಫೀಲ್ಡಿನ ಕಂಪನಿಯೊಂದರ ಮ್ಯಾನೇಜರ್. ಇಡೀ ದಿನ ಕೂತು ಕೆಲಸ, ಹೊಟ್ಟೆ ಮುಂದೆ ಬಂದಿತ್ತು. ಮಂಕಾಗಿದ್ದದ್ದು ನಮ್ಮ ಹಿಂದಿನ ಬೀದಿಯಲ್ಲಿ ಕಬ್ಬಿಣ ಎತ್ತಿಳಿಸುವ ಆಳು. ಮೈಯೆಲ್ಲ ಹುರಿಗಟ್ಟಿದ ಮಾಂಸ.

"ಕೊಬ್ಬಿನಲ್ಲಿ ರಕ್ತ ಕಮ್ಮಿ ಕಣ್ರೀ. ಡೈ ಅಲ್ಲಿಗೆ ಹೋಗೋದೇ ಕಡಿಮೆ. ಮಾಂಸಖಂಡ ಇರೋನಿಗೆ ಜಾಸ್ತಿ ಬೇಕು. ತೂಕವೂ ನೋಡಿ, ಮೈನೂ ನೋಡಿ. ನಿಮಗೆ ಕಣ್ಣು ಕೊಟ್ಟಿರೋದು ಯಾಕೆ?"

ಆ ಆಳನ್ನು ಮತ್ತೆ ಕರೆಸಬೇಕಾಯಿತು. ಇನ್ನೊಂದು ದಿನದ ಹಾಜರಿ ಹೋಯಿತು, ಇನ್ನೊಂದು ಸಲ ವಿಕಿರಣ ಮೈಮೇಲೆ ಬಿತ್ತು. ಅವನು ಬಂದಾಗ ಡಾಕ್ಟರ್ ಶಶಿಕಲಾ ತಾವೇ ಅವನ ಕಬ್ಬಿಣದ ಮೂತಿಯ ಸೇಫ್ಟಿ ಶೂ ಬಿಚ್ಚಿಸಿ, ಜೇಬಿನಲ್ಲಿದ್ದ ನಟ್ ಬಿಗಿಯುವ ಪಾನಾ ತೆಗೆಸಿ ತೂಕ ನೋಡಿದರು. ಆಮೇಲೆ ಮೇಲಿನ ಮಹಡಿಯಲ್ಲಿದ್ದ ತೂಕದ ಯಂತ್ರವನ್ನು ಸಿ.ಟಿ. ಕೋಣೆಯ ಬಾಗಿಲಲ್ಲಿ ಇಡಿಸಿ, ಇದರ ಮೇಲೆ ಹತ್ತದವರು ಒಳಗೆ ಹೋಗಕೂಡದು ಎಂದು ಹೇಳಿದರು. ಅವರಿದ್ದಷ್ಟು ಕಾಲ ಆ ಮಾತು ನಡೆಯಿತು.

ಅವರು ಬೇರೆ ಊರಿಗೆ ಹೋದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಚಿತ್ರಗಳು ಇಂಟರ್ನೆಟ್ಟಿನಲ್ಲಿ ಎಲ್ಲಿಗೋ ಹೋಗಿ ವರದಿಯಾಗಿ ವಾಪಸ್ ಬರತೊಡಗಿದವು. ಡಾಕ್ಟರು ಎಂದರೆ ಫೋನಿನಲ್ಲಿ ಒಂದು ದನಿ. ಕೈಯಲ್ಲಿ ಚುಚ್ಚುತ್ತಿದ್ದ ಡೈಯನ್ನು ಈಗ ಇಂಜೆಕ್ಟರ್ ಯಂತ್ರ ಒತ್ತುತ್ತದೆ. ಅದರ ಕಂಪ್ಯೂಟರಿನಲ್ಲಿ ತೂಕದ ಜಾಗದಲ್ಲಿ ಮೊದಲೇ ಎಪ್ಪತ್ತು ಎಂದು ಬಂದು ಕೂತಿರುತ್ತದೆ. ಅದನ್ನು ಬದಲಿಸದೆ ಮುಂದಿನ ಗುಂಡಿ ಒತ್ತಿದರೂ ಯಂತ್ರ ತಕರಾರು ಮಾಡುವುದಿಲ್ಲ. ಒತ್ತುವವರು ಎಷ್ಟೋ ಜನ. ಅಂಥವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ತಲೆಗೊಂದು ಬಾಟಲಿ ಎನ್ನುತ್ತಿದ್ದ ಹಳಬರಿಗೆ ಗೊತ್ತಿರಲಿಲ್ಲ ಎನ್ನೋಣ. ಇವರು ಪರೀಕ್ಷೆಯಲ್ಲಿ ಇದನ್ನೇ ಬರೆದು ಪಾಸಾದವರು.

ಗಿರೀಶ್ ಮ್ಯಾನೇಜರ್ ಆಗಿ ಬಂದವನೇ ತೂಕದ ಯಂತ್ರವನ್ನು ಮತ್ತೆ ಮಹಡಿಗೆ ಹತ್ತಿಸಿದ. ಅಲ್ಲಿ ಕಂಪನಿಗಳ ನೌಕರರಿಗೆ ಹೆಲ್ತ್ ಚೆಕಪ್ ನಡೆಯುತ್ತಿತ್ತು. ನಾನು ಕೇಳಿದ್ದಕ್ಕೆ, "ಸಿ.ಟಿ. ರೂಮ್ ಮುಂದೆ ಅದಿದ್ರೆ ರೇಷನ್ ಅಂಗಡಿ ಥರ ಕಾಣ್ಸುತ್ತೆ ಮೇಡಂ. ಕೌಂಟರಲ್ಲಿ ಕೇಳಿ ಬರ್ಕೋತಾರಲ್ಲ, ಸಾಕು" ಎಂದ. ಕೇಳಿದರೆ ಜನ ಏನು ಹೇಳುತ್ತಾರೆ? ಫ್ಯಾಕ್ಟರಿಯವರು ಕೆಲಸಕ್ಕೆ ಸೇರಿದಾಗಿನ ತೂಕ ಹೇಳುತ್ತಾರೆ. ಹೆಂಗಸರು ಪಕ್ಕದಲ್ಲಿ ನಾದಿನಿ ಇದ್ದರೆ ಕಡಿಮೆ ಹೇಳುತ್ತಾರೆ. ಹೆಣ್ಣು ನೋಡುತ್ತಿರುವ ಹುಡುಗರು ಜಾಸ್ತಿ ಹೇಳುತ್ತಾರೆ. ಒಬ್ಬ ಅಜ್ಜ "ಒಂದು ಮೂಟೆ ಸಿಮೆಂಟಿನಷ್ಟು ಇರಬೋದು" ಎಂದಿದ್ದ. ನಿಜ ಹೇಳಬೇಕೆಂದರೆ ಅವನೊಬ್ಬನದೇ ಸರಿಯಾಗಿತ್ತು.

ಈಗ ಗೌರಮ್ಮನವರ ವಿಷಯ. ನಮ್ಮ ಸೆಂಟರಿನ ಕಟ್ಟಡ ಅವರ ಮಗ ಮುನಿರಾಜು ಅವರದು. ಆ ಸುತ್ತಿನ ಶೆಡ್ಡುಗಳೆಲ್ಲ ಒಂದು ಕಾಲಕ್ಕೆ ಅವರ ರಾಗಿ ಹೊಲ. ಗೌರಮ್ಮ ಅಲ್ಲೇ ಕಳೆ ಕಿತ್ತವರು. ಆಯುಧಪೂಜೆಗೆ ಬಾಡಿಗೆದಾರರ ಒಂದೊಂದು ಯಂತ್ರಕ್ಕೂ ತಾವೇ ಕುಂಕುಮ ಇಡುತ್ತಿದ್ದರು, ನಮ್ಮ ಸ್ಕ್ಯಾನರಿಗೂ. ತುಂಬು ಮೈಯ ಹೆಂಗಸು, ಬಾಗಿಲಲ್ಲಿ ನಿಂತರೆ ಹಿಂದಿನವರು ಕಾಣುತ್ತಿರಲಿಲ್ಲ. "ಏನವ್ವ, ಉಂಡ್ಯಾ?" ಎಂದು ಕೇಳದೆ ನನ್ನನ್ನು ದಾಟಿ ಹೋದವರಲ್ಲ. ಆಮೇಲೆ ಬಹಳ ಕಾಲ ಅವರು ಕಾಣಲಿಲ್ಲ. ಹೊಟ್ಟೆನೋವು, ಊಟ ಸೇರುತ್ತಿಲ್ಲ ಎಂದು ಕೇಳಿದ್ದೆ.

ಅವತ್ತು ಮಧ್ಯಾಹ್ನ ಮುನಿರಾಜು ತಾಯಿಯನ್ನು ಕಾರಿನಲ್ಲಿ ಕರೆತಂದರು. ಹೊಟ್ಟೆಗೆ ಡೈ ಹಾಕಿ ಸ್ಕ್ಯಾನ್ ಮಾಡಿಸಲು ಡಾಕ್ಟರು ಬರೆದಿದ್ದರು. ಗಿರೀಶ್ ಓಡಿಹೋಗಿ ಕಾರಿನ ಬಾಗಿಲು ತೆಗೆದ. ಗಾಲಿಕುರ್ಚಿಯಲ್ಲಿ ಕೂರಿಸಿ, ಕೌಂಟರಿನಲ್ಲಿ ನಿಲ್ಲಿಸದೆ ನೇರ ಒಳಗೆ ತಂದು, ತೂಕ ತಾನೇ ಕೇಳಿದ.

"ಎಪ್ಪತ್ತೆರಡು" ಎಂದರು ಮುನಿರಾಜು, ಯೋಚನೆಯೇ ಮಾಡದೆ. "ಅಮ್ಮಂಗೆ ತುಲಾಭಾರ ಮಾಡ್ಸಿದ್ವಲ್ಲ, ಬೆಲ್ಲದಲ್ಲಿ. ಎಪ್ಪತ್ತೆರಡು ಕೆಜಿ ಆಯ್ತು."

ತುಲಾಭಾರ ನಾನೂ ನೋಡಿದ್ದೇನೆ. ಹರಕೆ ಹೊತ್ತವರು ಒಂದು ತಟ್ಟೆಯಲ್ಲಿ ಕೂರುತ್ತಾರೆ, ಇನ್ನೊಂದರಲ್ಲಿ ಬೆಲ್ಲ ಪೇರಿಸುತ್ತಾರೆ. ದೇವರ ಪಾಲು ಕಡಿಮೆಯಾಗಬಾರದು ಎಂದು ಬೆಲ್ಲದ ತಟ್ಟೆ ನೆಲ ಮುಟ್ಟುವ ತನಕ ಅಚ್ಚಿನ ಮೇಲೆ ಅಚ್ಚು ಇಡುತ್ತಲೇ ಹೋಗುತ್ತಾರೆ. ಸಮವಾಯಿತು, ಒಂದಚ್ಚು ತೆಗೆಯಿರಿ ಎಂದು ಹೇಳುವ ಗಂಡು ಯಾವ ಮನೆಯಲ್ಲೂ ಇಲ್ಲ. ಅದೂ ಅಲ್ಲದೆ ಆ ತೂಕ ಗೌರಮ್ಮ ಕಾಯಿಲೆ ಬೀಳುವುದಕ್ಕೆ ಮುಂಚಿನದು. ನಾನು ಅವರ ಕೈ ಹಿಡಿದು ನರ ಹುಡುಕಿದೆ. ಮಣಿಕಟ್ಟಿಗೆ ಕಚ್ಚಿಕೊಂಡಿರುತ್ತಿದ್ದ ಚಿನ್ನದ ಬಳೆ ಮೊಳಕೈವರೆಗೂ ಜಾರಿತು. ರೇಷ್ಮೆ ಸೀರೆ, ಸ್ವೆಟರು, ಮೇಲೊಂದು ಶಾಲು, ಅದರೊಳಗೆ ಹೆಂಗಸು ಇರಲೇ ಇಲ್ಲ.

"ಸಾರ್, ಒಂದು ನಿಮಿಷ. ಮೇಲಿಂದ ತೂಕದ ಮೆಷಿನ್ ತರಿಸ್ತೀನಿ" ಎಂದೆ.

"ಏನ್ ಮೇಡಂ, ನಮ್ಮಮ್ಮನ್ನ ಮೂಟೆ ತೂಗ್ದಂಗೆ ತೂಗ್ತೀರಾ? ಕಾಯಿಲೆ ಬಿದ್ದೋರನ್ನ ತೂಗ್ಬಾರ್ದು ಅಂತಾರೆ ನಮ್ಮಲ್ಲಿ. ದೇವರ ಮುಂದೆ ತೂಗಿರೋದು, ಅದಕ್ಕಿಂತ ಸರಿಯಾದ ತೂಕ ಎಲ್ಲಿದೆ?"

ಗಿರೀಶನನ್ನು ಪಕ್ಕಕ್ಕೆ ಕರೆದೆ. ಇವರಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ, ರಕ್ತದ ರಿಪೋರ್ಟಿನಲ್ಲಿ ಕಿಡ್ನಿ ಸೋತಿರುವ ಸೂಚನೆ ಇದೆ ಎಂದೆ. ಕಿಡ್ನಿಗೆ ಎಷ್ಟು ಶಕ್ತಿ ಉಳಿದಿದೆ ಎಂದು ನಮ್ಮ ಕಂಪ್ಯೂಟರ್ ಲೆಕ್ಕ ಹಾಕುವುದೂ ವಯಸ್ಸು, ರಕ್ತದ ರಿಪೋರ್ಟು, ತೂಕ ಈ ಮೂರನ್ನು ಸೇರಿಸಿಯೇ. ಸುಳ್ಳು ತೂಕ ಹಾಕಿದರೆ ಕೆಟ್ಟ ಕಿಡ್ನಿ ಗಟ್ಟಿ ಎಂದು ತೋರಿಸುತ್ತದೆ, ಅದನ್ನು ನಂಬಿ ಡೈ ಜಾಸ್ತಿ ಹೋಗುತ್ತದೆ, ಒಂದೇ ಸುಳ್ಳು ಎರಡು ಕಡೆ ಕಚ್ಚುತ್ತದೆ ಎಂದು ವಿವರಿಸಿದೆ.

"ಮೇಡಂ, ಅವರು ಓನರ್. ಬಿಲ್ಡಿಂಗ್ ಅಗ್ರಿಮೆಂಟ್ ಮುಗೀತಾ ಇದೆ. ನಿಮ್ಮ ಪಾಠ ಆಮೇಲೆ ಮಾಡಿ."

"ನಾನು ಡೈ ಹಾಕಲ್ಲ. ಡಾಕ್ಟರಿಗೆ ಫೋನ್ ಮಾಡಿ ಬರ್ತೀನಿ" ಎಂದು ಹೊರಟೆ.

ಸಿ.ಟಿ. ಕೋಣೆಯ ಗೋಡೆಗೆ ಸೀಸ ಹೊದಿಸಿರುತ್ತಾರೆ, ಮೊಬೈಲ್ ಸಿಗ್ನಲ್ ಹಿಡಿಯುವುದಿಲ್ಲ. ರಸ್ತೆಗೆ ಬಂದು ನಿಂತೆ. ಪಕ್ಕದಲ್ಲಿ ಪ್ರೆಸ್ಸಿನ ಸದ್ದು, ಒಂದು ಕಿವಿ ಮುಚ್ಚಿಕೊಂಡು ಮಾತಾಡಬೇಕು. ಆ ಕಡೆ ಫೋನು ಬಿಜಿ, ಮತ್ತೆ ಬಿಜಿ. ಕೊನೆಗೂ ಸಿಕ್ಕ ಡಾಕ್ಟರು ಒಳ್ಳೆಯವರೇ. "ತೂಕ ನೋಡದೆ ಮುಟ್ಟಬೇಡಿ. ನಿಜವಾದ ತೂಕ ತಗೊಂಡು ನನಗೆ ಹೇಳಿ, ಡೈ ಬೇಕೋ ಬೇಡವೋ ಆಮೇಲೆ ನೋಡೋಣ" ಎಂದರು. ನಾನು ಗೆದ್ದವಳ ಹಾಗೆ ಒಳಗೆ ಬಂದರೆ ಕೋಣೆಯ ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಒಳಗೆ ಸ್ಕ್ಯಾನ್ ನಡೆಯುತ್ತಿದೆ ಎಂದರ್ಥ.

ನನ್ನ ಜೊತೆಯ ಟೆಕ್ನಿಷಿಯನ್ ಪ್ರಕಾಶ್ ಪಕ್ಕದ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ. ನನ್ನ ಓರಗೆಯವನು, ಎಂಥ ನರವನ್ನಾದರೂ ಒಂದೇ ಸಲಕ್ಕೆ ಹಿಡಿಯುವವನು. ಗಾಜಿನಾಚೆ ಇಂಜೆಕ್ಟರಿನಲ್ಲಿ ಡೈ ಖಾಲಿಯಾಗಿತ್ತು. ಅವನು ನನ್ನ ಕಡೆ ತಿರುಗದೆ, "ಗಿರೀಶ್ ಸರ್ ಹಾಕು ಅಂದ್ರು" ಎಂದ. ಗಿರೀಶ್ ಪರದೆ ತೋರಿಸಿ, "ಮುಗೀತು ಮೇಡಂ. ನೋಡಿ, ಪಿಕ್ಚರ್ ಎಷ್ಟು ಸೂಪರಾಗಿ ಬಂದಿದೆ" ಎಂದ. ಚಿತ್ರ ನಿಜಕ್ಕೂ ಕಣ್ಣು ಕೋರೈಸುವ ಹಾಗೆ ಹೊಳೆಯುತ್ತಿತ್ತು. ಅಷ್ಟು ಹೊಳೆಯಬಾರದು ಎಂಬುದು ಆ ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗೆ ನಾನೇ ಮಹಡಿಗೆ ಹೋಗಿ ತೂಕದ ಯಂತ್ರ ಹೊತ್ತು ತಂದೆ. ಯಾರನ್ನೂ ಕೇಳದೆ ಗೌರಮ್ಮನವರ ಶಾಲು ತೆಗೆದು, ಕೈ ಹಿಡಿದು ಅದರ ಮೇಲೆ ನಿಲ್ಲಿಸಿದೆ. ನಲವತ್ತನಾಲ್ಕು ಬಂತು.

ಮುನಿರಾಜು ಬಗ್ಗಿ ನೋಡಿದರು. "ಮೆಷಿನ್ ಕೆಟ್ಟಿದೆ" ಎಂದು ತಾಯಿಯನ್ನು ಇಳಿಸಿ, ಚಪ್ಪಲಿ ಬಿಟ್ಟು ತಾವೇ ಹತ್ತಿದರು. ಅವರ ತೂಕ ಅವರಿಗೆ ಗೊತ್ತಿರುವಷ್ಟೇ ಬಂದಿರಬೇಕು. ಇಳಿದು, ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ತಾಯಿಯ ಮುಖ ನೋಡುತ್ತ ನಿಂತರು. ದಿನಾ ಒಂದೇ ಮನೆಯಲ್ಲಿದ್ದವರು ಅವತ್ತು ಮೊದಲ ಸಲ ತಾಯಿಯನ್ನು ನೋಡಿದ ಹಾಗಿತ್ತು.

ಡಾಕ್ಟರಿಗೆ ಮತ್ತೆ ಫೋನ್ ಮಾಡಿದೆ. ಅವರು ಹೇಳಿದಂತೆ ಆಸ್ಪತ್ರೆಗೆ ಕಳಿಸಿ ಡ್ರಿಪ್ ಹಾಕಿಸಿದೆವು. ಮುನಿರಾಜು ಯಾವುದಕ್ಕೂ ಹಿಂದೆಮುಂದೆ ನೋಡಲಿಲ್ಲ. ಆದರೆ ಒಂದೆರಡು ದಿನದಲ್ಲಿ ಮೂತ್ರ ಕಡಿಮೆಯಾಯಿತು, ಕಾಲು ಊದಿತು, ಉಸಿರು ಕಟ್ಟಿತು. ಡಯಾಲಿಸಿಸ್ ಶುರು ಮಾಡಿದರು. ಕೆಲವರಿಗೆ ಕಿಡ್ನಿ ಸುಧಾರಿಸಿಕೊಳ್ಳುತ್ತದೆ, ಗೌರಮ್ಮನವರದು ಮೊದಲೇ ಸೋತಿತ್ತು, ಏಳಲಿಲ್ಲ. ಅಷ್ಟೆಲ್ಲ ಡೈ ಹಾಕಿ ನಾವು ಕಂಡುಹಿಡಿದದ್ದು ಪಿತ್ತಕೋಶದಲ್ಲಿ ಕಲ್ಲು. ಡೈಯೇ ಬೇಡದ ಅಲ್ಟ್ರಾಸೌಂಡಿನಲ್ಲೂ ಅದು ಕಾಣುತ್ತಿತ್ತು.

ಯಾಕೆ ಹೀಗಾಯಿತು ಎಂದು ಕೇಳಿದರೆ ದೊಡ್ಡ ಆಸ್ಪತ್ರೆಯವರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರು. ಸಕ್ಕರೆ ಕಾಯಿಲೆ ಇತ್ತು, ವಯಸ್ಸಾಗಿತ್ತು, ಊಟ ನೀರು ಇಲ್ಲದೆ ಮೈ ಒಣಗಿತ್ತು, ಡೈಯೂ ಒಂದು ಕಾರಣ ಇರಬಹುದು. ಅವರು ಹೇಳಿದ್ದು ತಪ್ಪಲ್ಲ. ಡೈಯಿಂದಲೇ ಆಯಿತು ಎಂದು ನಾನೂ ಎದೆ ಮುಟ್ಟಿ ಹೇಳಲಾರೆ. ಆದರೆ ಆ "ಇರಬಹುದು" ಎಂಬ ಒಂದು ಪದ ಗಿರೀಶನಿಗೆ ಛತ್ರಿಯಾಯಿತು. "ಡೈ ಅಂತ ಯಾರೂ ಬರ್ದಿಲ್ಲ ಮೇಡಂ, ನೀವ್ಯಾಕೆ ಮೈಮೇಲೆ ಹಾಕ್ಕೋತೀರಾ?" ಎಂದ. ಅವತ್ತು ನಾನು ಅವನ ಮೇಜಿನ ಮುಂದೆ ನಿಂತು ಆಡಿದ ಮಾತು ಇಲ್ಲಿ ಬರೆಯುವ ಹಾಗಿಲ್ಲ. ಹೊರಗೆ ಕೂತ ರೋಗಿಗಳಿಗೂ ಕೇಳಿಸಿತಂತೆ. ನನಗೆ ಕೋಪ ಜಾಸ್ತಿ ಎಂಬ ಹೆಸರು ಖಾಯಂ ಆದದ್ದು ಆಗಲೇ. ಸಂಬಳ ಕೊಡುವವರಿಗೆ ರೋಗಿಯ ಕಿಡ್ನಿ ಹೋದದ್ದಕ್ಕಿಂತ ಟೆಕ್ನಿಷಿಯನ್ ದನಿ ಎತ್ತಿದ್ದು ದೊಡ್ಡ ಅಪರಾಧ. ಮ್ಯಾನೇಜರಿಗೆ ಏನೂ ಆಗಲಿಲ್ಲ. ಬಾಗಿಲಿಗೆ "ನಿಮ್ಮ ಸುರಕ್ಷತೆ ನಮ್ಮ ಹೊಣೆ" ಎಂದು ಒಂದು ಫ್ಲೆಕ್ಸ್ ಬಂತು. ತೂಕದ ಯಂತ್ರವನ್ನು ನಾನು ಕೆಳಗೇ ಇಟ್ಟುಕೊಂಡೆ. ಮೇಲಕ್ಕೆ ಒಯ್ಯಲು ಬಂದವರನ್ನು ಬೈದು ಕಳಿಸಿದೆ. ಪ್ರಕಾಶ್ ಆಮೇಲೆ ಒಬ್ಬರನ್ನೂ ತೂಗದೆ ಮಲಗಿಸಲಿಲ್ಲ, ಆದರೆ ನನ್ನ ಜೊತೆ ಮೊದಲಿನ ಹಾಗೆ ಕೂತು ಟೀ ಕುಡಿಯುವುದನ್ನೂ ಬಿಟ್ಟ.

ಮಕ್ಕಳೇ, ಯಂತ್ರ ಎಪ್ಪತ್ತು ಎಂದು ತೋರಿಸಿದರೆ ಆ ಎಪ್ಪತ್ತು ಯಾರದು ಎಂದು ಕೇಳಿ. ಬಡವರು ಬಂದರೆ ಹೊತ್ತಾಯಿತು ಎಂದು ತೂಗುವುದಿಲ್ಲ, ದೊಡ್ಡವರು ಬಂದರೆ ಮರ್ಯಾದೆಗೆ ಹೆದರಿ ತೂಗುವುದಿಲ್ಲ. ಎರಡೂ ಕಡೆ ಸಾಯುವುದು ಕಿಡ್ನಿ. ಮ್ಯಾನೇಜರು ಅವಸರ ಮಾಡಿದರೆ ಮಾಡಲಿ. ನಿಮಗೂ ಕೋಪ ಜಾಸ್ತಿ ಎಂದು ಹೇಳಿದರೆ ಹೇಳಲಿ, ಶಾಲು ಹೇಗಿದ್ದರೂ ಹೊದಿಸುತ್ತಾರೆ.

ಹೋದ ವಾರ ಮೆಟ್ರೊ ಹತ್ತಿ ಗೌರಮ್ಮನವರನ್ನು ನೋಡಲು ಹೋಗಿದ್ದೆ. ಡಯಾಲಿಸಿಸ್ ಕೋಣೆಯಲ್ಲಿ ರೋಗಿ ಒಳಗೆ ಬರುವಾಗ ಒಂದು ಸಲ, ಮುಗಿಸಿ ಹೋಗುವಾಗ ಒಂದು ಸಲ ತೂಕ ನೋಡುತ್ತಾರೆ. ಮೈಯಿಂದ ಎಷ್ಟು ನೀರು ತೆಗೆಯಬೇಕು, ಎಷ್ಟು ತೆಗೆದರು ಎಂದು ತಿಳಿಯುವುದು ಅದರಿಂದಲೇ. ನಾನು ಹೋದಾಗ ಗೌರಮ್ಮ ಯಂತ್ರದ ಮೇಲೆ ನಿಂತಿದ್ದರು. ಮುನಿರಾಜು ತಾಯಿಯ ಚಪ್ಪಲಿ ಒಂದು ಕೈಯಲ್ಲಿ ಹಿಡಿದು, ಬಗ್ಗಿ ತೂಕ ಓದಿ, ಗ್ರಾಮನ್ನೂ ಬಿಡದೆ ನರ್ಸಿಗೆ ಹೇಳುತ್ತಿದ್ದರು. ನನ್ನನ್ನು ಕಂಡು ತಲೆ ತಗ್ಗಿಸಿದರು.

ಗೌರಮ್ಮ ಮಾತ್ರ ನನ್ನ ಕೈ ಹಿಡಿದುಕೊಂಡು, "ಉಂಡ್ಯಾ ಅವ್ವ?" ಎಂದರು. ಉಂಡೆ ಎಂದೆ. ಬಿಳಿ ಕೋಟು ಇಲ್ಲದ ನನ್ನನ್ನು ಒಂದು ಗಳಿಗೆ ನೋಡಿ, ಮಗ ಅತ್ತ ಹೋದ ಮೇಲೆ ಮೆಲ್ಲಗೆ ಹೇಳಿದರು:

"ಇಲ್ಲಿ ಬಂದಾಗೆಲ್ಲ ನಿಲ್ಲುಸ್ತಾರೆ ಕಣವ್ವ. ಸುಮ್ಕೆ ನಿಂತ್ಕೊಂಡ್ರೆ ಆಯ್ತು, ನೋವಿಲ್ಲ, ಏನಿಲ್ಲ. ಅವತ್ತೂ ನಿಂತ್ಕೊತಿದ್ದೆ. ನನ್ ಮಗ ಬ್ಯಾಡ ಅಂದ, ನಿಮ್ ಸಾಯೇಬ್ರು ಬ್ಯಾಡ ಅಂದ್ರು, ನೀನು ಫೋನ್ ಇಡ್ಕೊಂಡು ಆಚೆಗೋದೆ. ನಾನು ಅಲ್ಲೇ ಕುಂತಿದ್ನಲ್ಲವ್ವ. ನಿಂತ್ಕೊತೀಯಾ ಅಂತ ನನ್ನ ಒಬ್ರೂ ಕೇಳ್ನಿಲ್ಲ."